ಪಂಕ್ತಿಯಲ್ಲಿ ಜಾಗವಿಲ್ಲದ ಮೇಯರ್

ಒತಿಲಿಯಾ ಮೂವತ್ತಾರು ವರ್ಷಗಳಿಂದ ಊರಿನವರನ್ನು ಸಾಯಿಸುತ್ತ ಬಂದವಳು. ಸತ್ತವರು ಮನೆಗೆ ಊಟಕ್ಕೆ ಬರುವ ನವೆಂಬರ್ ಹಬ್ಬದಲ್ಲಿ, ಬದುಕಿರುವವರನ್ನೆಲ್ಲ ಅಸ್ಥಿಪಂಜರ ಮಾಡಿ ವಾರಪತ್ರಿಕೆಯ ನಡುಪುಟದಲ್ಲಿ ಚಿತ್ರ ಬರೆಯುವುದು, ಕೆಳಗೆ ಎರಡು ಸಾಲಿನಲ್ಲಿ ಚುಡಾಯಿಸುವುದು ಅವಳ ಕೆಲಸ. ಹಾಗೆ ಬರೆಸಿಕೊಂಡವರಿಗೆ ಆಯಸ್ಸು ಗಟ್ಟಿ ಎಂದು ಮೆಕ್ಸಿಕೋದ ಆ ಪೇಟೆಯಲ್ಲಿ ನಂಬಿಕೆ. ಚಿತ್ರದಲ್ಲಿ ಬಿಟ್ಟುಹೋದವರು ವರ್ಷವಿಡೀ ಮುಖ ಊದಿಸಿಕೊಂಡಿರುತ್ತಿದ್ದರು.

ಈ ಸಲ ಸಂಪಾದಕ ಎಲಾದಿಯೊ ಅವಳ ಮೇಜಿನ ಹತ್ತಿರ ಬಂದು ಕೈ ಹೊಸೆಯುತ್ತ ನಿಂತ.

“ಒತಿಲಿಯಕ್ಕಾ, ಹೊಸ ಮೇಯರ್ ಸಾಹೇಬ್ರನ್ನ ಮೂಳೆ ಮಾಡ್ಬೇಡ. ರಾಜಧಾನೀಲಿ ಓದಿ ಬಂದೋರು, ಅವಮಾನ ಅಂತಾರೆ. ಮೈತುಂಬ ಮಾಂಸ ಇಟ್ಟು ಲಕ್ಷಣವಾಗಿ ಬರಿ.”

“ಬರೀದಿದ್ರೆ?”

“ನಿನ್ನ ಪುಟ ನಿಂತುಹೋಗುತ್ತೆ. ನನ್ ಕೈಲಿ ಏನೂ ಇಲ್ಲ.”

“ನಿನ್ ಕೈಲಿ ಯಾವತ್ತು ಏನಿತ್ತಪ್ಪ?”

ಗಂಡನಿಲ್ಲ, ಮಕ್ಕಳಿಲ್ಲ, ಆ ಪುಟವೇ ಅವಳ ಸಂಸಾರ. ಅವಳಿಗೆ ಮೈಯೆಲ್ಲ ಉರಿಯಿತು. ನಗೆಚಿತ್ರವೆಂದರೆ ಮೂಗು ಉದ್ದ ಮಾಡುವುದು ಎಂದುಕೊಂಡ ಮುಠ್ಠಾಳರಿಗೆ ಏನು ಹೇಳುವುದು? ಮೂಗನ್ನು ಯಾರು ಬೇಕಾದರೂ ಎಳೆಯಬಹುದು. ಅವಳದು ತೆಗೆಯುವ ಕೆಲಸ. ಹೊಟ್ಟೆ ತೆಗೆ, ಕೆನ್ನೆ ತೆಗೆ, ಪದವಿ ತೆಗೆ. ಉಳಿದದ್ದು ಪಕ್ಕದ ಮನೆಯವನ ಹಾಗೇ ಕಂಡರೆ ನಗು ತಾನಾಗಿ ಬರುತ್ತದೆ. ಇದರಲ್ಲಿ ಅವಮಾನ ಎಲ್ಲಿಂದ ಬಂತು? ನೀನೂ ನಮ್ಮವನೇ ಎಂದು ಪಂಕ್ತಿಯಲ್ಲಿ ಕೂರಿಸಿಕೊಂಡ ಹಾಗಲ್ಲವೇ? ಬೇಡವೆಂದರೆ ಬೇಡ, ಹೇಳಿದ ಹಾಗೇ ಬರೆಯುತ್ತೇನೆ ಎಂದು ಹಲ್ಲು ಕಚ್ಚಿ ಕೂತಳು.

ಹೇಳಿದ ಹಾಗೇ ಬರೆದಳು. ಉದ್ದನೆಯ ಮೇಜು. ಬೇಕರಿಯವನು, ಪಾದ್ರಿ, ಸೂಲಗಿತ್ತಿ, ಎಲಾದಿಯೊ, ಕೊನೆಯಲ್ಲಿ ಸ್ವತಃ ಒತಿಲಿಯಾ, ಎಲ್ಲರೂ ಮೂಳೆಗಳಾಗಿ ತಮಾಲೆ ಕಡುಬು ತಿನ್ನುತ್ತಿದ್ದಾರೆ. ಬಾಗಿಲಲ್ಲಿ ಮೇಯರ್ ಸೂಟು ಹಾಕಿಕೊಂಡು ಗುಂಡುಗುಂಡಾಗಿ ನಿಂತಿದ್ದಾನೆ. ಅವನಿಗೆ ಕುರ್ಚಿಯಿಲ್ಲ, ತಟ್ಟೆಯಿಲ್ಲ. ಯಾರೂ ಅವನತ್ತ ತಿರುಗಿಯೂ ನೋಡುತ್ತಿಲ್ಲ. ಎಲಾದಿಯೊ ಮೇಯರನ ಮುಖವೊಂದನ್ನೇ ನೋಡಿ, ಚೆನ್ನಾಗಿದೆ ಎಂದು ಅಚ್ಚಿಗೆ ಕಳಿಸಿದ.

ಸಂತೆಯಲ್ಲಿ ಜನ ಬಿದ್ದುಬಿದ್ದು ನಕ್ಕರು. “ಪಾಪ, ಊಟಕ್ಕೆ ಕರೆದೇ ಇಲ್ವಂತೆ,” ಅಂದಳು ಮೆಣಸಿನಕಾಯಿ ಮಾರುವವಳು. ಮಾರನೆಯ ದಿನವೇ ಮೇಯರನ ಮಾತಿನಂತೆ ಒತಿಲಿಯಾಳ ಪುಟ ನಿಂತಿತು.

ಮೂರನೆಯ ದಿನ ಮೇಯರನ ತಾಯಿ, ಎಂಬತ್ತು ದಾಟಿದ ಕಾಸ್ತುಲಾ, ಕೋಲೂರಿಕೊಂಡು ಅವಳ ಮನೆಗೇ ಬಂದಳು.

“ಊರೋರನ್ನೆಲ್ಲ ಸಾಯಿಸಿದ್ದೀಯ. ನನ್ ಮಗ ಏನ್ ಪಾಪ ಮಾಡಿದ್ನೇ?”

“ನಿನ್ ಮಗನೇ ಬೇಡ ಅಂದಿದ್ದು, ಅಜ್ಜಿ.”

“ಅವನಿಗೇನ್ ಗೊತ್ತು? ಈ ವರ್ಷ ಅವನಿಗೆ ಏನಾದ್ರೂ ಆದ್ರೆ? ಬರಿಯಮ್ಮಾ. ನಿನ್ ಪುಟ ವಾಪಸ್ ಕೊಡಿಸ್ತೀನಿ.”

“ಪುಟಕ್ಕೋಸ್ಕರ ಆದ್ರೆ ಒಂದು ಗೆರೇನೂ ಎಳೆಯಲ್ಲ. ನೀನು ಹೆತ್ತೋಳು, ಹೆದರ್ಕೊಂಡು ಬಂದಿದ್ದೀಯ, ಅದಕ್ಕೆ ಬರೀತೀನಿ. ಹೇಳು, ಸೂಟು ಪದವಿ ಎಲ್ಲ ತೆಗೆದ್ರೂ ಅವನು ಕೈಬಿಡದೇ ಇರೋದು ಯಾವುದು?”

ಮುದುಕಿ ಯೋಚಿಸಿದಳು. “ಏಳು ವರ್ಷ ಆಗೋವರೆಗೂ ನನ್ ಶಾಲಿನ ತುದಿ ಬಿಟ್ಟೋನಲ್ಲ. ಜನ ಅಂದ್ರೆ ಹೆದರಿಕೆ. ಈಗ್ಲೂ ಹಂಗೇ, ತೋರಿಸ್ಕೊಳ್ಳಲ್ಲ ಅಷ್ಟೆ.”

ಒತಿಲಿಯಾಳ ಸಿಟ್ಟು ಅರ್ಧ ಇಳಿಯಿತು, ಇನ್ನರ್ಧ ಹಾಗೇ ಇತ್ತು. ಕಾಗದ ಎಳೆದುಕೊಂಡು ಅಲ್ಲೇ ಬರೆದಳು. ಮುದಿ ಮೂಳೆಯೊಂದು ಬೀದಿಯಲ್ಲಿ ನಡೆಯುತ್ತಿದೆ, ಸೂಟು ಹಾಕಿದ ಮೂಳೆಯೊಂದು ಅದರ ಶಾಲು ಹಿಡಿದು ಹಿಂದೆಯೇ ಹೋಗುತ್ತಿದೆ. ಕಾಸ್ತುಲಾ ನೋಡಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ, ಅಂಟು ಇದೆಯಾ ಎಂದು ಕೇಳಿದಳು.

ಮರುದಿನ ಬೆಳಿಗ್ಗೆ ಚಿತ್ರ ಪುರಸಭೆಯ ಬಾಗಿಲ ಮೇಲಿತ್ತು. ಕೆಳಗೆ ಮೆಟ್ಟಿಲ ಮೇಲೆ ಕಾಸ್ತುಲಾ ಕೂತಿದ್ದಳು. ಮೇಯರ್ ಬಂದ, ನೋಡಿದ, ಕಿವಿಯವರೆಗೂ ಕೆಂಪಾಗಿ ಕೀಳಲು ಕೈ ಎತ್ತಿದ.

“ಕೀಳು ನೋಡೋಣ,” ಅಂದಳು ತಾಯಿ.

ಅವನು ಕೈ ಇಳಿಸಿ ತೆಪ್ಪಗೆ ಒಳಗೆ ಹೋದ.

ಸಂಜೆ ಎಲಾದಿಯೊ ಏದುಸಿರು ಬಿಡುತ್ತ ಓಡಿಬಂದು, ಪುಟ ಮತ್ತೆ ನಿನ್ನದೇ ಅಂದ. ಒತಿಲಿಯಾ ಕದವನ್ನು ಅರ್ಧ ಮಾತ್ರ ತೆಗೆದಳು.

“ನಿನ್ ಪುಟ ನೀನೇ ಇಟ್ಕೊಳ್ಳಪ್ಪ. ನಂಗೆ ಅದಕ್ಕಿಂತ ದೊಡ್ಡದು ಸಿಕ್ಕಿದೆ.”

ಆ ವಾರದಿಂದ ಅವಳು ತನ್ನ ಚಿತ್ರಗಳನ್ನು ಪುರಸಭೆಯ ಬಾಗಿಲಿಗೇ ಅಂಟಿಸತೊಡಗಿದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ.