ಮೂವತ್ತೇಳು ಹಲ್ಲಿನ ಕ್ರೌನ್

ಲಾರಿಯ ಹಿಂದಿನ ಗಾಲಿಗಳ ನಡುವ, ಆಕ್ಸಲ್ ಮಧ್ಯದಾಗ ಗಡಿಗಿ ಹಂಗ ಉಬ್ಬಿರೋದನ್ನ ನೀವು ನೋಡಿರತೀರಿ. ಅದಕ್ಕ ನಾವು ಹೌಸಿಂಗ್ ಅಂತೀವಿ. ಅದರೊಳಗ ಒಂದು ದೊಡ್ಡ ಹಲ್ಲಿನ ಚಕ್ರ ಇರತೈತಿ, ಅದು ಕ್ರೌನ್. ಅದನ್ನ ತಿರುಗಸೋ ಸಣ್ಣದು ಪಿನಿಯನ್. ಇಂಜಿನ್ ಕಡಿಯಿಂದ ಬರೋ ಶಾಫ್ಟು ಈ ಪಿನಿಯನ್ನಿಗೆ ಕೂಡಿರತೈತಿ. ಬಳ್ಳಾರಿಯೊಳಗ ಇಪ್ಪತ್ತೆರಡು ವರ್ಷದಿಂದ ನಾನು ಮಾಡೋದು ಇದೊಂದೇ ಕೆಲಸ. ಇಂಜಿನ್ ಮುಟ್ಟಂಗಿಲ್ಲ, ಬ್ರೇಕ್ ಮುಟ್ಟಂಗಿಲ್ಲ. ಹೌಸಿಂಗ್ ಮೇಸ್ತ್ರಿ ಎಲ್ಲಿ ಅಂತ ಕೇಳಿದ್ರ ಆ ಕಡಿ ಸಿರುಗುಪ್ಪ, ಈ ಕಡಿ ಹಲಕುಂದಿ ತನಕ ಮಂದಿ ನನ್ನ ಗ್ಯಾರೇಜೇ ತೋರಸ್ತಾರ. ಇದನ್ನ ಹೇಳಿಕೊಳ್ಳಾಕ ಮೊದಲ ಭಾಳ ಹಿಗ್ಗಿತ್ತು. ಈಗ ಹೇಳೋವಾಗ ನಾಲಿಗಿ ತಡೀತೈತಿ.

ಗಾಡಿಯ ಗುಣ ಎಲ್ಲಾ ಈ ಹಲ್ಲಿನ ಲೆಕ್ಕದಾಗ ಐತಿ. ಪಿನಿಯನ್‌ಗೆ ಏಳು ಹಲ್ಲು, ಕ್ರೌನ್‌ಗೆ ನಲವತ್ತೊಂದು ಇದ್ರ ಗಾಡಿ ರೋಡಿನ ಮ್ಯಾಲ ಹಗೂರಾಗಿ ಓಡತೈತಿ, ಡೀಸೆಲ್ಲೂ ಉಳೀತೈತಿ. ಆದ್ರ ಭಾರ ಎಳೆಯೋವಾಗ ಏದುಸಿರು ಬಿಡತೈತಿ. ಅದನ್ನ ತೆಗೆದು ಆರು-ನಲವತ್ತೊಂದು ಹಾಕಿದ್ರ ಓಟ ಕಡಿಮಿ, ಎಳೆತ ಜಾಸ್ತಿ. ಎರಡೂ ಬೇಕು ಅಂತ ಹಟ ಹಿಡಿಯೋ ಗಿರಾಕಿಗಳೂ ಬರತಾರ. ಅಂಥವರಿಗೆ ನಮ್ಮ ಉಸ್ತಾದರು, "ಉಪವಾಸಾನೂ ಮಾಡಬೇಕು, ಹೋಳಿಗಿನೂ ಉಣಬೇಕು ಅಂದ್ರ ಹೆಂಗಪಾ" ಅಂತ ನಗತಿದ್ರು.

ಉಸ್ತಾದರು ಕಲಿಸಿದ ರೂಢಿ ಒಂದೈತಿ. ಹಲ್ಲು ಎಣಿಸೋದು ಮನಸಿನೊಳಗಲ್ಲ, ಬಾಯಿಬಿಟ್ಟು, ಗಿರಾಕಿ ಮುಂದ. ಒಂದು ಹಲ್ಲಿಗೆ ಚಾಕ್‌ಪೀಸಿನಿಂದ ಗುರುತು ಹಾಕಬೇಕು, ಅಲ್ಲಿಂದ ಶುರು ಮಾಡಿ ಗಟ್ಟಿಯಾಗಿ ಎಣಿಸ್ತಾ ತಿರುಗಿ ಅದೇ ಗುರುತಿಗೆ ಬರಬೇಕು. ಗುಜರಿಯಿಂದ ತಂದ ಸಾಮಾನಿಗೆ ಕಾಗದ ಇರಂಗಿಲ್ಲ, ಪತ್ರ ಇರಂಗಿಲ್ಲ. ಆ ಎಣಿಕಿನೇ ಗ್ಯಾರಂಟಿ. ಮೇಸ್ತ್ರಿ ಎಣಿಸಿದ ಮ್ಯಾಲ ಯಾರೂ ಎರಡನೇ ಸಲ ಎಣಿಸಂಗಿಲ್ಲ.

ಸಿರುಗುಪ್ಪದ ಸಾವ್ಕಾರೊಬ್ರು ಹಳೇ ಹತ್ತು ಗಾಲಿ ಲಾರಿ ತಗೊಂಡು, ಬಾಡಿ ತೆಗೆಸಿ, ಹಿಂದ ಕ್ರೇನು ಕೊಕ್ಕಿ ಕೂಡಿಸಿದ್ರು. ಕೆಟ್ಟು ನಿಂತ ಗಾಡಿ ಎಳೆಯೋದು, ಕಾಲುವಿ ದಂಡಿಯ ಎರಿ ಮಣ್ಣಿನಾಗ ಹೂತ ಭತ್ತದ ಲಾರಿ ಮ್ಯಾಲ ತರೋದು ಅದರ ಕೆಲಸ. ಆದ್ರ ಅದು ರೋಡಿಗೆ ಅಂತ ಮಾಡಿದ ಗಾಡಿ, ಏಳು-ನಲವತ್ತೊಂದು. ಲೋಡಿದ್ದ ಲಾರಿ ಎಳೆದ್ರ ಸಾಕು, ಕ್ಲಚ್ ಸುಟ್ಟ ವಾಸನಿ. ಸಾವ್ಕಾರ್ರು ಅದನ್ನ ನನ್ನ ಹತ್ರ ಕಳಿಸಿದ್ರು.

ತಂದವರು ಅದರ ಡ್ರೈವರ್. ಕುರುಗೋಡಿನವರು, ಐವತ್ತು ದಾಟಿದ ಸಣ್ಣ ಆಳು, ಮಾತು ಕಡಿಮಿ. ನನಗಿಂತ ಹತ್ತು ವರ್ಷ ದೊಡ್ಡವರು. ಹಂಗಿದ್ರೂ ಅವರು ನನಗ "ರೀ" ಹಚ್ಚಿ ಮಾತಾಡ್ತಿದ್ರು, ನಾನು ಅವರಿಗೆ "ನೀನು" ಅಂತಿದ್ದೆ. ಮೇಸ್ತ್ರಿ ಅಲ್ಲೇನು, ಮದ ಇರತೈತಿ.

ಈ ಗಾಡಿಗೆ ಹಿಂದ ಎರಡು ಹೌಸಿಂಗ್, ಎರಡೂ ಎಳೀತಾವ. ಆದ್ದರಿಂದ ಎರಡರಾಗೂ ಹಲ್ಲಿನ ಲೆಕ್ಕ ಒಂದೇ ಇರಬೇಕು. ಒಂದೇ ನೊಗಕ್ಕ ಕಟ್ಟಿದ ಎತ್ತುಗಳೊಳಗ ಒಂದು ದಾಪುಗಾಲು ಹಾಕಿ ಇನ್ನೊಂದು ಸಣ್ಣ ಹೆಜ್ಜಿ ಇಟ್ರ ಏನಾಗತೈತಿ, ಹಂಗೇ ಇದೂ. ಗುಜರಿಯಿಂದ ಕ್ರೌನ್, ಪಿನಿಯನ್ ಕೂಡಿದ ಎರಡು ಸೆಟ್ ತರಿಸಿದೆ. ಎರಡರ ಮ್ಯಾಲೂ ಬಿಳಿ ಬಣ್ಣದಾಗ ಆರು-ನಲವತ್ತೊಂದು ಅಂತ ಬರೆದಿತ್ತು. ಮೊದಲನೇದನ್ನ ರೂಢಿ ಪ್ರಕಾರ ಎಣಿಸಿದೆ, ಸರಿಯಾಗಿತ್ತು. ಎರಡನೇದರ ಪಿನಿಯನ್ ನೋಡಿದೆ, ಆರು ಹಲ್ಲು. ಅಷ್ಟಕ್ಕೇ ಎತ್ತಿಟ್ಟೆ.

"ಅದರ ಕ್ರೌನೂ ಒಂದು ಸಲ ಎಣಿಸ್ರಿ ಮೇಸ್ತ್ರಿ" ಅಂದ್ರು ಡ್ರೈವರ್.

ಗ್ಯಾರೇಜಿನಾಗ ಆಗ ನಾಕೈದು ಮಂದಿ ಕುಂತಿದ್ರು. ಅವರ ಮುಂದ ಒಬ್ಬ ಡ್ರೈವರ್ ನನಗ ಕೆಲಸ ಹೇಳಿದ್ನಲ್ಲ ಅಂತ ಮೈ ಉರೀತು. "ಇಪ್ಪತ್ತು ವರ್ಷ ಹಲ್ಲು ಮುಟ್ಟೀನಿ, ಕೈಯಾಡಿಸಿದ್ರ ಗೊತ್ತಾಗತೈತಿ. ನೀ ಸ್ಟೇರಿಂಗ್ ಹಿಡಿ, ಹಲ್ಲು ನನಗ ಬಿಡು" ಅಂದೆ. ಎಲ್ಲಾರೂ ನಕ್ರು. ಅವರೂ ತಲಿ ತಗ್ಗಿಸಿ ಸ್ವಲ್ಪ ನಕ್ರು. ಎರಡನೇ ಸೆಟ್ ಹಿಂದಿನ ಹೌಸಿಂಗಿಗೆ ಕೂಡಿಸಿ ಗಾಡಿ ಕಳಿಸಿಬಿಟ್ಟೆ.

ಹದಿನೈದು ದಿನಕ್ಕ ಅವರ ಫೋನ್ ಬಂತು. ಹೌಸಿಂಗ್ ಕೈ ಇಡಾಕ ಆಗದಷ್ಟು ಕಾಯಾಕತ್ತೈತಿ, ಎಣ್ಣಿ ಸುಟ್ಟ ವಾಸನಿ ಬರತೈತಿ ಅಂದ್ರು. ಹೊಸ ಸೆಟ್ಟು, ಹೊಂದಿಕೊಳ್ಳಾಕ ಟೈಮ್ ಬೇಕು ಅಂತ ಫೋನ್ ಇಟ್ಟೆ. ಇನ್ನೊಂದು ವಾರಕ್ಕ ಬಸ್ ಹತ್ತಿ ಅವರೇ ಬಂದ್ರು. ಬಾಗಿಲ ಹತ್ರ ನಿಂತು, ನಾನು ಕೈ ಒರೆಸಿಕೊಳ್ಳೋ ತನಕ ಕಾದ್ರು.

"ಒಂದು ಗಾಲಿ ಎತ್ತಿ ಎರಡು ಸುತ್ತು ತಿರುಗಿಸಿ, ಶಾಫ್ಟಿಗೆ ಬಟ್ಟಿ ಕಟ್ಟಿ ಎಣಿಸಿ ನೋಡಿದ್ನಿರಿ. ಮುಂದಿನ ಹೌಸಿಂಗಿನಾಗ ಶಾಫ್ಟು ಏಳು ಸುತ್ತಿಗೆ ಸ್ವಲ್ಪ ಕಡಿಮಿ ಬರತೈತಿ. ಹಿಂದಿನದರಾಗ ಆರಕ್ಕ ಸ್ವಲ್ಪ ಜಾಸ್ತಿ. ಎರಡೂ ಒಂದಲ್ಲ ಅಂತ ಕಾಣತೈತಿ ಮೇಸ್ತ್ರಿ."

ಎಷ್ಟು ಚಂದ ಲೆಕ್ಕ ಅದು. ಆರು-ನಲವತ್ತೊಂದು ಇದ್ರ ಎರಡರಾಗೂ ಏಳು ಸುತ್ತಿಗೆ ಸ್ವಲ್ಪ ಕಡಿಮಿನೇ ಬರಬೇಕು. ನನ್ನ ಕೈಕೆಳಗ ಕಲಿತವರಿಗೂ ಅಷ್ಟು ಅಚ್ಚುಕಟ್ಟಾಗಿ ಹೊಳೀತಿರಲಿಲ್ಲ. ಆ ಕ್ಷಣಕ್ಕೇ, "ನಡೀರಿ, ಬಿಚ್ಚಿ ನೋಡೋಣ" ಅಂದಿದ್ರ ಮುಗೀತಿತ್ತು, ಒಂದು ದಿನದ ಕೆಲಸ. ನಾನು ಅಂದದ್ದು, "ಮೇಸ್ತ್ರಿ ಯಾರು, ನೀನೋ ನಾನೋ? ಬಟ್ಟಿ ಕಟ್ಟಾಕ ಅದೇನು ತೊಟ್ಟಿಲೇನು?" ಅವರು ತಿರುಗಿ ಬಸ್‌ಸ್ಟ್ಯಾಂಡಿನ ಕಡಿ ನಡೆದುಬಿಟ್ರು.

ಕೆಸರಿನಾಗ ಎರಡೂ ಹೌಸಿಂಗ್ ಕೂಡಿ ಎಳೀಲಿ ಅಂತ ಇಂಥ ಗಾಡಿಗೆ ಒಂದು ಲಾಕ್ ಇರತೈತಿ. ಗಟ್ಟಿ ರೋಡಿಗೆ ಬಂದ ಮ್ಯಾಲ ಅದನ್ನ ತೆಗೀಬೇಕು. ಮರೆತು ಹಂಗೇ ಓಡಿಸಿದ್ರ ಹೌಸಿಂಗ್ ಮುರೀತೈತಿ, ಡ್ರೈವರ್ ಮಾಡಬಾರದ ತಪ್ಪು ಅದು. ಸುಗ್ಗಿಯೊಳಗ ಒಂದಿನ ಹಚ್ಚೊಳ್ಳಿ ಹತ್ರ ಕಾಲುವಿ ದಂಡಿಯಾಗ ಹೂತಿದ್ದ ಭತ್ತದ ಲಾರಿನ ಅವರು ಎಳೆದು ಮ್ಯಾಲ ತಂದ್ರು. ಅದನ್ನ ಕಟ್ಟಿಕೊಂಡು ಡಾಂಬರ್ ರೋಡಿನ ಮ್ಯಾಲ ಸಿರುಗುಪ್ಪದ ಕಡಿ ಹೊರಟಾಗ ಹಿಂದಿನ ಹೌಸಿಂಗ್ ಒಡೀತು. ಯಾರಿಗೂ ಪೆಟ್ಟಾಗಲಿಲ್ಲ. ಗಾಡಿ ಎಳೆಯೋ ಗಾಡಿನೇ ಇನ್ನೊಂದು ಗಾಡಿಗೆ ಕಟ್ಟಿಸಿಕೊಂಡು ಬಳ್ಳಾರಿಗೆ ಬಂತು.

ಸಾವ್ಕಾರ್ರೂ ಡ್ರೈವರೂ ಇಬ್ಬರೂ ಬಂದಿದ್ರು. ಲಾಕ್ ತೆಗೀದೇ ಓಡಿಸಿದಿ ಅಂತ ಸಾವ್ಕಾರ್ರು ಸಿಟ್ಟಾಗಿದ್ರು. ತೆಗೆದಿದ್ದೆ ಅಂತ ಡ್ರೈವರ್ ಅಷ್ಟೇ ಗಟ್ಟಿಯಾಗಿ ಹೇಳ್ತಿದ್ರು. ನಾನು ಹೌಸಿಂಗ್ ಬಿಚ್ಚಿದೆ. ಪಿನಿಯನ್ ಹಲ್ಲು ಪೂರಾ ಹಾರಿತ್ತು. ಕ್ರೌನಿನ ಹಲ್ಲು ಅಲ್ಲಲ್ಲಿ ಮುಕ್ಕಾಗಿದ್ರೂ ಎಣಿಸಾಕ ಬರತಿತ್ತು.

ಆಗ ಡ್ರೈವರ್ ಮುಂದ ಬಂದು ಹೇಳಿದ್ರು. "ಸಾವ್ಕಾರ್ರ, ಮೇಸ್ತ್ರಿ ನಿಮ್ಮ ಮುಂದ ಎಣಿಸ್ಲಿ. ನಲವತ್ತೊಂದು ಬಂದ್ರ ಎರಡೂ ಹೌಸಿಂಗ್ ಒಂದೇ, ತಪ್ಪು ನಂದು. ನಾಳಿಂದ ಗಾಡಿ ಮುಟ್ಟಂಗಿಲ್ಲ."

ಚಾಕ್‌ಪೀಸಿನಿಂದ ಗುರುತು ಹಾಕಿ ಶುರು ಮಾಡಿದೆ. ಒಂದು, ಎರಡು, ಮೂರು. ಇಪ್ಪತ್ತು ದಾಟೋದರೊಳಗ ಕೈಗೆ ಗೊತ್ತಾತು. ಹಲ್ಲು ಸ್ವಲ್ಪ ದಪ್ಪ ಇದ್ವು. ಮೂವತ್ತಕ್ಕ ಬಂದಾಗ ಗುರುತು ಕಣ್ಣಿಗೆ ಬಿತ್ತು, ನಡುವ ಉಳಿದದ್ದು ಏಳೇ ಏಳು. ಅವರ ಲೆಕ್ಕ ಖರೇ ಇತ್ತು, ಇದು ಮೂವತ್ತೇಳು ಹಲ್ಲಿನ ಕ್ರೌನು. ನಾನೇನು ವಿಚಾರ ಮಾಡಲಿಲ್ಲ, ಖರೇ ಹೇಳ್ತೀನಿ. ಮೂವತ್ತೇಳು ಅಂತ ಅನ್ನೋವಾಗ ಗ್ರೀಸ್ ಹತ್ತಿದ ಹೆಬ್ಬೆರಳು ತಾನಾಗೇ ಗುರುತಿನ ಮ್ಯಾಲ ಹೋತು, ಒರೆಸಿಬಿಟ್ಟಿತು. ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು, ನಲವತ್ತೊಂದು. "ಇಲ್ಲಿತ್ತು ನೋಡ್ರಿ ಗುರುತು, ಗ್ರೀಸಿಗೆ ಅಳಿಸೈತಿ" ಅಂದೆ. ಎಣಿಸಿದ ನಾಕು ಹಲ್ಲು ಇನ್ನೊಮ್ಮಿ ಎಣಿಸಿದ್ದೆ. ದನಿ ನಡುಗಲಿಲ್ಲ. ನೆನಸಿಕೊಂಡ್ರ ನನ್ನ ಮ್ಯಾಲ ನನಗೇ ಹೇಸಿಗಿ ಬರತೈತಿ.

ಡ್ರೈವರ್ ಕ್ರೌನ್ ನೋಡಿದ್ರು, ಆಮ್ಯಾಲ ನನ್ನ ಮಾರಿ ನೋಡಿದ್ರು. ನನ್ನ ಮ್ಯಾಲ ಸಂಶೇನೇ ಇರಲಿಲ್ಲ ಆ ಕಣ್ಣಿನಾಗ.

"ಲಾಕ್ ತೆಗೆದಿದ್ದಿಯೇನು, ಈಗ ಹೇಳು" ಅಂದ್ರು ಸಾವ್ಕಾರ್ರು.

"ತೆಗೆದಿದ್ದೆ ಅನಸ್ತೈತ್ರಿ" ಅಂದ್ರು ಡ್ರೈವರ್. ಅರ್ಧ ತಾಸಿನ ಹಿಂದ ತೆಗೆದಿದ್ದೆ ಅಂತ ಎದಿ ತಟ್ಟಿ ಹೇಳಿದ ಮನುಷ್ಯ.

ಕುಣಿಯಾಕ ಬಾರದಾಕಿ ಅಂಗಳ ಡೊಂಕು ಅಂದ್ಲಂತ. ನಾನು ಅಂದು ಬಿಡಲಿಲ್ಲ, ಗುದ್ದಲಿ ತಗೊಂಡು ಅಂಗಳಾನೇ ಡೊಂಕು ಮಾಡಿದೆ. ಅವತ್ತೇ ಆ ಕ್ರೌನನ್ನ ಗುಜರಿ ಗಾಡಿಗೆ ಹಾಕಿ ಕಳಿಸಿದೆ. ಅದು ಕರಗಿ ಕಬ್ಬಿಣ ಆಗಿ ಯಾವ ಮನಿ ಮಾಳಿಗಿಗೆ ಹೋತೋ.

ಡ್ರೈವರ್ ಕೆಲಸ ಹೋತು. ಅಷ್ಟಕ್ಕ ಮುಗೀಲಿಲ್ಲ. ನಮ್ಮ ಲೈನಿನಾಗ ಮಾತು ಲಾರಿಗಿಂತ ಜೋರು ಓಡತೈತಿ. ಸಿರುಗುಪ್ಪ ರೋಡಿನ ಹೋಟೆಲುಗಳಾಗ ಅವರಿಗೆ "ಲಾಕ್ ಡ್ರೈವರ್" ಅಂತ ಹೆಸರು ಬಿತ್ತು. ನನ್ನ ಗ್ಯಾರೇಜಿನಾಗೂ ಮಂದಿ ಆ ಕಥಿ ಹೇಳಿ ನಗತಿದ್ರು. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿಕೊಂಡಂಗ, ಅವರು ನಕ್ಕಾಗೊಮ್ಮಿ ನಾನು ಮಾರಿ ಆ ಕಡಿ ತಿರುಗಿಸಿ ಪಾನಾ ಹುಡುಕ್ತಿದ್ದೆ. ಹೇಳಬೇಕು ಅಂತ ಅನಿಸಲಿಲ್ಲಂತಲ್ಲ. ಎಷ್ಟೋ ಸಲ ಅನಿಸ್ತು. ಇಪ್ಪತ್ತು ವರ್ಷದ ಹೆಸರು ಒಂದು ಮಾತಿಗೆ ಹೋಗತೈತಲ್ಲ ಅಂತ ನುಂಗಿಕೊಂಡೆ. ಅವರದೂ ಒಂದು ಹೆಸರಿತ್ತು ಅನ್ನೋದು ಆಗ ನೆನಪಿಗೇ ಬರತಿರಲಿಲ್ಲ.

ಹಿಂಗೇ ಎರಡು ವರ್ಷ ಹೋತು. ಮೊನ್ನಿ ಒಬ್ಬ ಲಾರಿ ಓನರ್ ಗ್ಯಾರೇಜಿಗೆ ಬಂದಾಗ ಮಾತಿಗೆ ಮಾತು ಬಂತು. "ಆ ಕುರುಗೋಡಿನ ಡ್ರೈವರ್ ಚಲೋ ಮನುಷ್ಯ ಅಂತ ಕರೆದು ಗಾಡಿ ಕೊಡತೀನಿ ಅಂದೆ. ನನ್ನ ಕೈ ಮ್ಯಾಲ ನನಗೇ ನಂಬಿಕಿ ಇಲ್ರಿ, ದೊಡ್ಡ ಗಾಡಿ ಬ್ಯಾಡ ಅಂತಾನ. ಮೂರು ಗಾಲಿ ಟಂಟಂ ಒಳಗ ನೀರಿನ ಕ್ಯಾನ್ ಹಾಕ್ಕೊಂಡು ತಿರುಗ್ತಾನ" ಅಂದ್ರು. ಮಂದಿನೇ ಅವರಿಗೆ ಗಾಡಿ ಕೊಡವಲ್ರು ಅಂತ ತಿಳಿದಿದ್ದೆ. ಅವರೇ ಒಲ್ಲೆ ಅಂತಾರ ಅಂದ್ರ, ನಾನು ಕಸಕೊಂಡದ್ದು ಕೆಲಸ ಒಂದೇ ಅಲ್ಲ.

ಮರುದಿನ ಮುಂಜಾನಿ ಬೈಕ್ ತಗೊಂಡು ಕೊಳಗಲ್ಲು ದಾಟಿ ಕುರುಗೋಡಿಗೆ ಹೋದೆ. ಮನಿ ಮುಂದ ಟಂಟಂ ನಿಂತಿತ್ತು, ಅವರು ಖಾಲಿ ಕ್ಯಾನ್ ಇಳಿಸ್ತಿದ್ರು. ನನ್ನ ನೋಡಿ, "ಬರ್ರಿ ಮೇಸ್ತ್ರಿ" ಅಂತ ಕುರ್ಚಿ ತಂದು ಹಾಕಿದ್ರು. ಒಳಗ ಹೇಂತಿಗೆ ಟೀ ಇಡಾಕ ಹೇಳಿದ್ರು. ನಾನು ಬಾಯಿ ತೆರೆಯೋ ಮೊದಲೇ ಅವರೇ ಹತ್ರ ಕುಂತು, ಯಾರಿಗೂ ಕೇಳಿಸದಂಗ ಸಣ್ಣ ದನಿಯಾಗ ಕೇಳಿದ್ರು.

"ಒಂದು ಮಾತು ಕೇಳಬೇಕಂತ ಭಾಳ ದಿನ ಆತ್ರಿ. ಅವತ್ತು ಲಾಕ್ ತೆಗೆದದ್ದು ನನಗ ಚೊಕ್ಕ ನೆನಪೈತಿ. ಕೈ ಹಿಂಗ ಮಾಡಿದ್ದೂ ನೆನಪೈತಿ. ಆದ್ರ ನಿಮ್ಮ ಎಣಿಕಿನಾಗ ನಲವತ್ತೊಂದು ಬಂತು, ನಾನು ಬಟ್ಟಿ ಕಟ್ಟಿ ಎಣಿಸಿದ್ದೂ ತಪ್ಪಾತು. ಹಂಗಾದ್ರ ನನ್ನ ನೆನಪೇ ಸುಳ್ಳಲ್ರಿ? ವಯಸ್ಸಿಗೆ ಹಿಂಗ ಆಗತೈತೇನು? ನೀವು ಎಷ್ಟೋ ಡ್ರೈವರ್ರನ್ನ ನೋಡೀರಿ."

ಕುರ್ಚಿ ಬಿಟ್ಟು ಎದ್ದೆ. "ಅಣ್ಣಾ, ಮೂವತ್ತೇಳು ಇತ್ತು" ಅಂದೆ. ಅವರಿಗೆ ತಿಳೀಲಿಲ್ಲ. ಗುರುತು ಒರೆಸಿದ್ದು, ನಾಕು ಹಲ್ಲು ಎರಡು ಸಲ ಎಣಿಸಿದ್ದು, ಎಲ್ಲಾ ಹೇಳಿದೆ. ಬಡೀತಾರೇನೋ ಅಂತ ಕಾದೆ, ಬಡದಿದ್ರ ಚಲೋ ಇತ್ತು. ಅವರು ತಮ್ಮ ಬಲಗೈ ತಿರುಗಿಸಿ ತಿರುಗಿಸಿ ನೋಡಿಕೊಳ್ತಾ ಕುಂತ್ರು.

ಸಾವ್ಕಾರ್ರಿಗೆ ಈಗಲೇ ಹೇಳ್ತೀನಿ ಅಂತ ಫೋನ್ ಹಚ್ಚಿ, ಡ್ರೈವರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ. ಒಂದೂ ಬಿಡದೇ ಹೇಳಿದೆ. ಆ ಕಡಿ ಸಾವ್ಕಾರ್ರು ನಕ್ರು.

"ನೀವು ಭಾಳ ದೊಡ್ಡ ಮನಸಿನವರು ಬಿಡ್ರಿ ಮೇಸ್ತ್ರಿ. ಪಾಪ, ಬಡವ ಅಂತ ಅವನ ತಪ್ಪು ನಿಮ್ಮ ತಲಿ ಮ್ಯಾಲ ಹಾಕ್ಕೊಳ್ತೀರಿ. ಆ ಕ್ರೌನ್ ಐತೇನು ನಿಮ್ಮ ಹತ್ರ?"

"ಇಲ್ರಿ, ಗುಜರಿಗೆ ಹಾಕಿದೆ."

"ನೋಡ್ರಿ ಮತ್ತ. ನಾನೇ ನಿಂತು ಕೇಳೀನಿ, ನೀವು ಎಣಿಸಿದ್ದನ್ನ. ಬಿಡ್ರಿ, ಆದದ್ದು ಆತು" ಅಂತ ಫೋನ್ ಇಟ್ರು.

ತಿರುಗಿ ಹಚ್ಚಿದೆ, ಎತ್ತಲಿಲ್ಲ. ಇನ್ನೊಮ್ಮಿ ಹಚ್ಚಾಕ ಹೋದಾಗ ಡ್ರೈವರ್ ಬ್ಯಾಡ ಅಂತ ಕೈ ಮಾಡಿದ್ರು. ಅವರು ನನ್ನ ಕಡಿ ನೋಡತಿರಲಿಲ್ಲ. ಒಳಗಿನ ಬಾಗಿಲಿಗೆ ಮಾರಿ ಮಾಡಿ, ಗಟ್ಟಿಯಾಗಿ ಅಂದ್ರು.

"ಏ, ಕೇಳಿದೇನು? ಅವತ್ತು ನಾನು ಲಾಕ್ ತೆಗೆದಿದ್ದೆ."

ಹೇಂತಿ ಟೀ ತಗೊಂಡು ಹೊರಗ ಬಂದ್ರು. "ಎರಡು ವರ್ಷದಿಂದ ನಾನು ಅದನ್ನೇ ಹೇಳಾಕತ್ತೀನಿ" ಅಂದ್ರು ಗಂಡಗ. "ನೀ ನನ್ನ ಮಾತು ನಂಬಲಿಲ್ಲ, ಇವರ ಮಾತು ನಂಬಿದಿ."

ಆಮ್ಯಾಲ ನನ್ನ ಕಡಿ ತಿರುಗಿ, "ತಗೋರಿ ಅಣ್ಣಾ, ಆರತೈತಿ" ಅಂತ ಕಪ್ಪು ಮುಂದ ಹಿಡಿದ್ರು.