ದಿಂಡಿಗದ ಕಾವು

ಬಾಗಿಲಿಗೊಂದು ಚಿಲಕ ತರಲೆಂದು ಮೊನ್ನೆ ಕೂಡ್ಲಿಗಿಯ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಹೊಸದಾಗಿ ಬಂದ ಸುತ್ತಿಗೆಯೊಂದನ್ನು ನನ್ನ ಕೈಗಿತ್ತು, "ಹಿಡದು ನೋಡ್ರಿ ಸರ, ಕಾವು ಹಿಕರಿ ಅಂತ, ಅಮೆರಿಕಾದ ಕಟಗಿ. ಎಷ್ಟು ಬಡದ್ರೂ ಕೈ ಜುಮ್ ಅನ್ನಲ್ಲ" ಎಂದರು. ಹೊಸ ವಸ್ತು ಏನೇ ಸಿಕ್ಕರೂ ಮೂಸಿ ನೋಡುವುದು ನನ್ನ ಹಳೆಯ ಚಾಳಿ. ಮೂಸಿದೆ. ಹಿಕರಿಯ ವಾಸನೆ ಬರಲಿಲ್ಲ. ಬೆಳಿಗ್ಗೆ ನನ್ನ ಅಂಗೈಗೆ ಹತ್ತಿದ್ದ ಹರಳೆಣ್ಣೆಯ ವಾಸನೆ ಬಂತು. ಸುತ್ತಿಗೆಯನ್ನು ಅಲ್ಲೇ ಇಟ್ಟು, ಚಿಲಕವನ್ನೂ ಮರೆತು ಹೊರಬಂದೆ.

ಕೈ ಜುಮ್ ಅನ್ನಿಸದ ಮರ ನಮ್ಮಲ್ಲೂ ಉಂಟು. ದಿಂಡಿಗ ಅನ್ನುತ್ತಾರೆ. ಗುಡೇಕೋಟೆ ಕಡೆಯ ಕಲ್ಲುಗುಡ್ಡಗಳಲ್ಲಿ ಬೆಳೆಯುತ್ತದೆ. ಬಸ್ಸಿನ ಕಿಟಕಿಯಿಂದ ನೋಡಿದರೆ ನೀವು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಿಳಿಚಿದ ತೊಗಟೆಯ ಸಾಧಾರಣ ಮರ. ಆದರೆ ಕಾವು, ಅಂದರೆ ಹಿಡಿಕೆ, ಬೇರೆ ಕಟ್ಟಿಗೆಯದಾದರೆ ಬಂಡೆಗೆ ತಾಗಿದ ಪೆಟ್ಟು ನೇರ ಭುಜಕ್ಕೆ ಬರುತ್ತದೆ, ದಿಂಡಿಗ ಅದನ್ನು ತಾನೇ ನುಂಗಿಕೊಳ್ಳುತ್ತದೆ. ಹಿಂದೆ ಎತ್ತಿನ ಗಾಡಿಯ ಅಚ್ಚಿಗೂ ಇದನ್ನೇ ಹಾಕುತ್ತಿದ್ದರು. ಅದಕ್ಕೂ ಕೊರತೆಗಳಿವೆ ಅನ್ನಿ. ಬಿಸಿಲಿಗಿಟ್ಟರೆ ಸೀಳುತ್ತದೆ, ಹಸಿ ನೆಲಕ್ಕೆ ಬಿಟ್ಟರೆ ಗೆದ್ದಲು ಹಿಡಿಯುತ್ತದೆ. ನೆರಳಲ್ಲಿ ಒಣಗಿಸಿ ಆಗಾಗ ಹರಳೆಣ್ಣೆ ಕುಡಿಸಿದರೆ ಒಂದು ತಲೆಮಾರು ಬಾಳುತ್ತದೆ. ನನ್ನದು ತಾಲ್ಲೂಕು ಕಚೇರಿಯಲ್ಲಿ ಪೆನ್ನು ಹಿಡಿದೇ ನಿವೃತ್ತಿಯಾದ ಕೈ. ಇದೆಲ್ಲ ಖಾಸಿಂ ಕಾಕಾ ಹೇಳಿ ಗೊತ್ತು.

ಖಾಸಿಂ ಕಾಕಾ ಅಂದರೆ ನಮ್ಮ ಓಣಿಯ ಬಡಗಿ, ಅಪ್ಪನ ಜೀವದ ಗೆಳೆಯ. ಗಾಡಿ ಮಾಡುತ್ತಿದ್ದವರು ಆಮೇಲೆ ಲಾರಿಗಳಿಗೆ ಹಲಗೆ ಕೂಡಿಸುವ ಕೆಲಸಕ್ಕೆ ಬಂದರು. ನಾವು ಲಿಂಗ ಕಟ್ಟಿಕೊಂಡವರು, ಅವರು ನಮಾಜಿನವರು. ಕೊನೆಗೆ ಇಬ್ಬರೂ ಮಣ್ಣಿಗೇ ಹೋಗುವವರು. ನಮ್ಮ ಊರಿನ ಮಣ್ಣೋ, ಕಲ್ಲಿನಂಥ ಗರಸು. ಒಮ್ಮೆ ಬೇಸಿಗೆಯಲ್ಲಿ ಓಣಿಯ ಹಿರಿಯರೊಬ್ಬರಿಗೆ ಕುಣಿ ತೋಡುವಾಗ ಪಿಕಾಸಿಯ ಬೇವಿನ ಕಾವು ಮುರಿಯಿತು. ಬೇರೆ ತರುವವರೆಗೆ ಹೆಣ ಬಿಸಿಲಿನಲ್ಲಿ ಕಾಯಬೇಕಾಯಿತು. ಅಪ್ಪನೂ ಕಾಕಾನೂ ಅಂದು ಬಹಳ ನೊಂದರು. ಇಬ್ಬರೂ ಗುಡ್ಡಕ್ಕೆ ಹೋಗಿ ದಿಂಡಿಗದ ಗಳ ತಂದರು. ತೊಗಟೆ ತಾನಾಗಿ ಉದುರುವ ತನಕ ಕಾಕಾ ಅದನ್ನು ನೆರಳಿನಲ್ಲಿ ಒರಗಿಸಿಟ್ಟು, ಆಮೇಲೆ ಕಾವು ಮಾಡಿದರು.

ಆ ಪಿಕಾಸಿ ನಮ್ಮ ಪಡಸಾಲೆಯ ಜಂತಿಗೆ ತೂಗುತ್ತಿತ್ತು. ಹೊಲಕ್ಕೆ ಅದನ್ನು ಒಯ್ಯುವಂತಿರಲಿಲ್ಲ. ಓಣಿಯಲ್ಲಿ ಯಾರು ತೀರಿಕೊಂಡರೂ, ಯಾವ ಜಾತಿಯವರೇ ಆಗಲಿ, ಒಬ್ಬರು ಬಂದು ಬಾಗಿಲಲ್ಲಿ ನಿಂತು "ಪಿಕಾಸಿ ಬೇಕಿತ್ರಿ" ಅನ್ನುತ್ತಿದ್ದರು. ಅಷ್ಟೇ ಮಾತು. ಓಣಿಯಲ್ಲಿ ಹೆಣವಿರುವಾಗ ಒಲೆ ಉರಿಯಬಾರದೆಂದು ಅವ್ವ ಒಲೆಯ ಮೇಲಿನ ಗಡಿಗೆ ಇಳಿಸುತ್ತಿದ್ದಳು. ಕೊಡಲಿ ಕಾವು ಕುಲಕ್ಕೆ ಮೃತ್ಯು ಅನ್ನುವ ಗಾದೆ ನಮ್ಮ ಕಾವಿಗೆ ಸಲ್ಲುತ್ತಿರಲಿಲ್ಲ. ಅದು ಎಲ್ಲ ಕುಲದವರಿಗೂ ಜಾಗ ಮಾಡಿಕೊಟ್ಟಿತು.

ಗೆಳೆಯರಿಬ್ಬರಲ್ಲಿ ಒಂದು ಮಾತಾಗಿತ್ತು. ಯಾರು ಮೊದಲು ಹೋದರೂ ಉಳಿದವನು ಈ ಪಿಕಾಸಿಯಿಂದ ಮೊದಲ ಏಟು ಹಾಕಬೇಕು. ಅಪ್ಪ ಮೊದಲು ಹೋದ. ಕಾಕಾ ಬಂದು ರುಮಾಲು ಬಿಚ್ಚಿಟ್ಟು ಏಟು ಹಾಕಿದರು. ಆಮೇಲೆ ಕಾವಿನ ಮೇಲೆ ಭಾರ ಬಿಟ್ಟು ನಿಂತುಬಿಟ್ಟರು.

"ಮೋಸ ಮಾಡಿದ್ಯಲ್ಲೋ ಬಸಣ್ಣಾ. ಇನ್ನ ನಂದು ಯಾರು ಹಾಕ್ತಾರಲೇ?"

"ನಾನು ಹಾಕ್ತೀನಿ ಕಾಕಾ" ಎಂದೆ. ಅಳುತ್ತಿದ್ದವನ ಬಾಯಿಂದ ಬಂದ ಮಾತು. ಆದರೂ ಮಾತು ಮಾತೇ.

ಹೋದ ಮಳೆಗಾಲದ ಆರಂಭದಲ್ಲಿ ಓಣಿಗೆ ನಳದ ಪೈಪು ಹಾಕಲು ಬೇರೆ ಊರಿನ ಆಳುಗಳು ಬಂದಿದ್ದರು. ಅವರಲ್ಲೊಬ್ಬ ನಮ್ಮ ಬಾಗಿಲಲ್ಲಿ ನಿಂತು "ಪಿಕಾಸಿ ಬೇಕಿತ್ರಿ ಅಕ್ಕಾರ" ಅಂದನಂತೆ. ನನ್ನ ಹೆಂಡತಿ ಗ್ಯಾಸ್ ಆರಿಸಿ, ಸೆರಗು ಬಾಯಿಗೆ ಒತ್ತಿಕೊಂಡು, "ಯಾರಪ್ಪಾ? ಖಾಸಿಂ ಕಾಕಾನ?" ಎಂದು ಅಳತೊಡಗಿದಳು. ಆತ ಗಾಬರಿಯಾಗಿ, "ಇಲ್ರಿ ಯವ್ವಾ, ಪೈಪಿಗ್ರಿ!" ಅಂದ. ಕಾಕಾ ಬದುಕಿದ್ದಾರೆಂಬ ಸಂತೋಷಕ್ಕೆ ಅವಳು ಹಿಂದೆಮುಂದೆ ನೋಡದೆ ಕೊಟ್ಟುಬಿಟ್ಟಳು. ಅವರು ಅದನ್ನು ಹಸಿ ಕಾಲುವೆಯಲ್ಲಿ ಬಿಟ್ಟು ಹೋದರು. ಮಳೆ ಮುಗಿದ ಮೇಲೆ ನನಗೆ ಸಿಕ್ಕಾಗ ಕಾವಿನ ಒಳಗೆಲ್ಲ ಗೆದ್ದಲು. ಎತ್ತಿದರೆ ಕೈಯಲ್ಲೇ ಪುಡಿಯಾಯಿತು. ಅಪ್ಪನನ್ನು ಎರಡನೆಯ ಸಲ ಕಳಕೊಂಡಂತಾಯಿತು ನನಗೆ.

ಕಾಕಾ ಆಗಲೇ ಹಾಸಿಗೆ ಹಿಡಿದಿದ್ದರು. ಮುಚ್ಚಿಡಲು ಮನಸ್ಸಾಗದೆ ಹೋಗಿ ಹೇಳಿದೆ. ಬೈಯಲಿಲ್ಲ. ಮಗನನ್ನು ಕರೆದು ಅಟ್ಟದಿಂದ ಒಂದು ಗಳ ಇಳಿಸಲು ಹೇಳಿದರು. ಅಪ್ಪನ ಜೊತೆ ತಂದ ಅದೇ ದಿಂಡಿಗದ ಉಳಿದ ತುಂಡು. ಮಂಚದ ಮೇಲೆ ದಿಂಬಿಗೆ ಒರಗಿ ಕೂತು, ಕೆತ್ತುವ ಬಾಚಿಯನ್ನು ಹಿಡಿಯುವ ಶಕ್ತಿಯಿಲ್ಲದೆ ಗಾಜಿನ ಚೂರಿನಿಂದ ದಿನಾ ಸ್ವಲ್ಪ ಸ್ವಲ್ಪ ಕೆರೆದರು. ಒಂದು ದಿನ ಕರೆಸಿದರು.

"ಕೈ ಕೊಡು ಇಲ್ಲಿ."

ನನ್ನ ಅಂಗೈಯನ್ನು ಕಾವಿಗೆ ಸುತ್ತಿಸಿ ನೋಡಿದರು. "ನಿಮ್ಮಪ್ಪಂದು ಅಗಲ ಕೈ ಇತ್ತು. ನಿಂದು ಹೆಣ್ಮಕ್ಕಳ ಕೈ ಆಗೈತಿ ನೋಡು, ತಮ್ಮಾ. ಇನ್ನಷ್ಟು ತೆಳ್ಳಗ ಮಾಡಬೇಕು. ಏಟು ಹಾಕೋ ಹೊತ್ನಾಗ ಜಾರಬಾರದು."

ತಮ್ಮ ಕುಣಿಗೆ ಬೀಳುವ ಏಟಿನ ಮಾತನ್ನು ಅವರು ಲಾರಿಯ ಹಲಗೆಯ ಮಾತಾಡಿದಂತೆ ಆಡಿದರು. ಕಾವನ್ನು ನನ್ನ ಮಡಿಲಿಗಿಟ್ಟು, "ಹರಳೆಣ್ಣಿ ಕುಡಿಸ್ಕೋತ ಇರು. ಸಾಕಾದ ಮ್ಯಾಲೆ ಕಬ್ಬಿಣಕ್ಕ ಹಾಕು" ಎಂದರು.

ಅಂದಿನಿಂದ ಬೆಳಿಗ್ಗೆ ಎದ್ದು ಎಣ್ಣೆ ಸವರುವುದು ನನ್ನ ಕೆಲಸ. ಕಾವು ಜೇನಿನ ಬಣ್ಣಕ್ಕೆ ತಿರುಗಿ ಎಷ್ಟೋ ಕಾಲವಾಯಿತು. ಈಗ ಒಂದು ಹನಿಯನ್ನೂ ಅದು ಒಳಗೆ ತೆಗೆದುಕೊಳ್ಳುವುದಿಲ್ಲ. ಸವರಿದ್ದೆಲ್ಲ ನನ್ನ ಅಂಗೈಗೇ ಹತ್ತುತ್ತದೆ. ಪಿಕಾಸಿಯ ಕಬ್ಬಿಣ ಮಾತ್ರ ಇನ್ನೂ ಪಡಸಾಲೆಯ ಮೂಲೆಯಲ್ಲಿ ಕಾವಿಲ್ಲದೆ ಬಿದ್ದಿದೆ.

ಅಂಗಡಿಯಿಂದ ನೇರ ಕಾಕಾನ ಮನೆಗೆ ಹೋದೆ. ಮಾತು ಕ್ಷೀಣವಾಗಿದೆ. ನನ್ನ ಕೈ ಹಿಡಿದುಕೊಂಡರು, ಹಿಡಿದು ಮೂಗಿನ ಹತ್ತಿರ ಒಯ್ದರು. ಮೂಸುವ ಚಾಳಿ ನನಗೆ ಎಲ್ಲಿಂದ ಬಂತೆಂದು ಆಗ ತಿಳಿಯಿತು.

"ಕಾವು ಕೂಡಿಸಿದೇನು?"

"ಇಲ್ಲ ಕಾಕಾ. ಇನ್ನೂ ಎಣ್ಣಿ ಕುಡಿಯಾಕ ಹತ್ತೈತಿ."

ಜೀವಮಾನವೆಲ್ಲ ಕಟ್ಟಿಗೆಯ ಜೊತೆ ಕಳೆದ ಮನುಷ್ಯ. ನನ್ನ ಮುಖವನ್ನೇ ನೋಡಿದರು.

"ದಿಂಡಿಗ ಅಷ್ಟು ಎಣ್ಣಿ ಕುಡಿಯಲ್ಲೋ" ಎಂದರು. ಕಣ್ಣು ಮುಚ್ಚಿಕೊಂಡರು, ಆದರೆ ಕೈ ಬಿಡಲಿಲ್ಲ. "ಇರಲಿ. ಕುಡೀಲಿ ಬಿಡು."