ಗೋಹರ್‌ಗೆ ಜಾಗ

ಬಾಗಿಲು ಹಾಕಿಕೊಂಡು ಕೂರಲು ಮೈಥಿಲಿಗೆ ಮನೆಯಲ್ಲಿದ್ದದ್ದು ಒಂದೇ ಜಾಗ, ಅಡುಗೆಮನೆಯ ಪಕ್ಕದ ಬಾಂಬ್ ಶೆಲ್ಟರ್. ದ್ವೀಪರಾಷ್ಟ್ರದ ಚೋವಾ ಚು ಕಾಂಗ್ ಬಡಾವಣೆಯ ಅವರ ಬ್ಲಾಕಿನಲ್ಲಿ ಪ್ರತಿ ಮನೆಗೂ ಒಂದಿದೆ. ದಪ್ಪ ಗೋಡೆ, ಉಕ್ಕಿನ ಬಾಗಿಲು. ಯುದ್ಧ ಬಂದರೆ ಅಡಗಲೆಂದು ಕಟ್ಟಿದ್ದು. ಬರಲಿಲ್ಲವಾದ್ದರಿಂದ ಅಕ್ಕಿ ಚೀಲ, ಸೂಟ್‌ಕೇಸು ಇಡುತ್ತಾರೆ. ಕೆಲವರು ಮನೆಗೆಲಸದವಳನ್ನು ಮಲಗಿಸುತ್ತಾರೆ. ಹಿಂದಿನ ಮಾಲೀಕರೂ ಮಲಗಿಸಿದ್ದರು. ನೆಲದಲ್ಲಿ ಮಲಗಿದವರ ಕಣ್ಣಿಗೆ ಬೀಳುವ ಎತ್ತರದಲ್ಲಿ ಒಂದು ಹಸಿರು ಬಾಣದ ಸ್ಟಿಕ್ಕರ್ ಉಳಿದಿತ್ತು, ನಮಾಜಿನ ದಿಕ್ಕು ತೋರುವುದು. ಆ ಕೆಲಸದವಳ ಹೆಸರೇನೆಂದು ಮನೆ ಕೊಳ್ಳುವಾಗ ಇವರು ಕೇಳಿರಲಿಲ್ಲ.

ಮದುವೆಗೆ ಮೊದಲು ಮೈಥಿಲಿ ಮೈಸೂರಿನಲ್ಲಿ ರೇಡಿಯೊ ನಾಟಕಗಳಿಗೆ ದನಿ ಕೊಡುತ್ತಿದ್ದಳು. ಇಲ್ಲಿಗೆ ಬಂದ ಮೇಲೆ ಆ ದನಿ ಟವೆಲ್ ಎಲ್ಲಿದೆ, ಡಬ್ಬಿ ಎಲ್ಲಿದೆ ಎಂದು ಹೇಳುವುದಕ್ಕೆ ಬಳಕೆಯಾಯಿತು. ಕಳೆದ ವರ್ಷ ಬೆಂಗಳೂರಿನ ಒಂದು ಆಡಿಯೊ ಆ್ಯಪ್‌ನವರು ವೀರರ ಜೀವನಕಥೆಗಳನ್ನು ಓದಲು ಕರೆದರು. ಗಂಡ ಕೇಶವ ದ್ವೀಪದ ಆ ತುದಿಯ ಚಾಂಗಿ ಬಿಸಿನೆಸ್ ಪಾರ್ಕ್‌ಗೆ ಹೊರಟ ಮೇಲೆ, ಪಾತ್ರೆ ತೊಳೆದು, ಒದ್ದೆ ಬಟ್ಟೆಯನ್ನು ಬಿದಿರಿನ ಗಳುವಿಗೆ ಹಾಕಿ ಕಿಟಕಿಯಾಚೆ ಚಾಚಿ, ಅವಳು ಶೆಲ್ಟರ್ ಹೊಗುತ್ತಿದ್ದಳು. ದಿನದಲ್ಲಿ ಅವಳದೆನ್ನುವ ಹೊತ್ತು ಅದೊಂದೇ.

ಆ ವಾರ ಬಂದದ್ದು ಬಲೂಚಿ ನಾಯಕ ಮೀರ್ ಚಾಕರ್‌ನ ಕಥೆ. ಐನೂರು ವರ್ಷಗಳ ಹಿಂದೆ ಸಿಬಿ ಪಟ್ಟಣದಲ್ಲಿ ರಿಂದ್ ಕುಲವನ್ನಾಳಿದವನು. ಜನ ಹೇಳುತ್ತ ಬಂದಂತೆ, ಗೋಹರ್ ಎಂಬ ಹೆಂಗಸು ತನ್ನ ಒಂಟೆಗಳೊಂದಿಗೆ ಅವನಲ್ಲಿ ಆಶ್ರಯ ಬೇಡಿದಳು. ಆಶ್ರಯ ಬೇಡಿದವರನ್ನು ಪ್ರಾಣ ಕೊಟ್ಟಾದರೂ ಕಾಯುವುದು ಆ ಜನರ ಕಟ್ಟಳೆ. ಲಾಶಾರಿ ಕುಲದ ಯುವಕರು ಅವಳ ಒಂಟೆಮರಿಗಳನ್ನು ಕೊಂದರು. ಚಾಕರ್ ಖಡ್ಗ ಹಿಡಿದ. ಮೂವತ್ತು ವರ್ಷ ಯುದ್ಧ ನಡೆದು ಎರಡೂ ಕುಲಗಳು ಸವೆದವು. ಕೊನೆಗೆ ಅವನು ಪಂಜಾಬಿಗೆ ಹೋಗಿ ಅಲ್ಲೇ ಮಣ್ಣಾದ.

ಓದಿ ಕಳಿಸಿದ ಸಂಜೆ ಆ್ಯಪ್‌ನ ಮಧ್ವೇಶ್ ಫೋನ್ ಮಾಡಿದ.

"ಮೇಡಮ್, ಹಿಂದೆ ಯಾರೋ ಚಪಾತಿ ಲಟ್ಟಿಸ್ತಿದಾರೆ."

"ಮನೇಲಿ ನಾನೊಬ್ಳೇ ಇದ್ದೆ."

"ಹಾಗಾದ್ರೆ ದೆವ್ವಕ್ಕೆ ಹಸಿವಾಗಿರ್ಬೇಕು. ಕ್ಲೀನಾಗಿ ಕಳ್ಸಿ, ಇಲ್ದಿದ್ರೆ ಸೀರೀಸ್ ನಮ್ಮ ಇನ್ನೊಬ್ಬ ರೀಡರ್ ವಿಶ್ವಜಿತ್‌ಗೆ ಶಿಫ್ಟ್ ಮಾಡ್ಬೇಕಾಗತ್ತೆ."

ಅವಳು ರೆಕಾರ್ಡಿಂಗ್ ಹಾಕಿ ಕೇಳಿದಳು. ಗೋಹರ್ ಬರುವ ಸಾಲಿನಿಂದ ಕೊನೆಯವರೆಗೂ ಆ ಸದ್ದಿತ್ತು. ಮಣೆಯ ಮೇಲೆ ಲಟ್ಟಣಿಗೆ, ಸರ್‌, ಸರ್‌. ಮರುದಿನ ಬಾಣದ ಕಡೆ ನೋಡದೆ ಓದಿದಳು. ಆಗಲೂ ಇತ್ತು.

ಮತ್ತೆ ಓದುತ್ತಿದ್ದಾಗ, ಶಾಲೆಯಿಂದ ಬಂದ ಮಗಳು ಹಿತಾ ಬಾಗಿಲು ತೆಗೆದಳು. ಸದ್ದಿನ ವಿಷಯ ಅವಳಿಗೂ ಗೊತ್ತಿತ್ತು.

"ಅಮ್ಮಾ, ಅದು ನಿನ್ ಕೈ ಲಾ!" ಎಂದಳು, ಇಲ್ಲಿನ ಮಕ್ಕಳಂತೆ ಮಾತಿನ ಕೊನೆಗೊಂದು 'ಲಾ' ಸೇರಿಸಿ.

ಮೈಥಿಲಿಯ ಬಲಗೈ ಸೂಟ್‌ಕೇಸಿನ ಮೇಲೆ ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಿತ್ತು.

"ಟಿವಿ ನೋಡುವಾಗ್ಲೂ ಮಾಡ್ತೀಯ. ನಿಂಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಓದಿದಳು. ಸದ್ದು ನಿಂತಿತು. ಆದರೆ ಆ ನಿಶ್ಶಬ್ದದಲ್ಲಿ ಇನ್ನೊಂದು ವಿಷಯ ಕಂಡಿತು: ಯುದ್ಧ ಶುರುವಾದ ಮೇಲೆ ಬರಹದಲ್ಲಿ ಗೋಹರ್ ಎಲ್ಲೂ ಇಲ್ಲ. ಅವಳು ಮಧ್ವೇಶ್‌ಗೆ ಫೋನ್ ಮಾಡಿದಳು.

"ಗೋಹರ್ ಏನಾದ್ಲು?"

"ಕಥೆ ಚಾಕರ್‌ದು ಮೇಡಮ್."

"ಮೂವತ್ತು ವರ್ಷ ಅವ್ರಿಗೆಲ್ಲ ರೊಟ್ಟಿ ಯಾರು ಮಾಡಿದ್ರು?"

"ಕುದುರೆಗೆ ಹುಲ್ಲು ಯಾರು ಹಾಕಿದ್ರು ಅಂತಾನೂ ಬರೀಲಾ?"

ಮೈಥಿಲಿ ಕಥೆಯ ಕೊನೆಗೆ ಎರಡು ಸಾಲು ತಾನೇ ಸೇರಿಸಿ ಕಳಿಸಿದಳು. "ತನ್ನ ಹೆಸರಿನಲ್ಲಿ ಇಷ್ಟು ಜನ ಸಾಯುವಾಗ ಗೋಹರ್ ಎಲ್ಲಿದ್ದಳೋ, ಈ ಬರಹ ಹೇಳುವುದಿಲ್ಲ. ಯುದ್ಧ ಬೇಕೆ ಎಂದು ಅವಳನ್ನು ಯಾರಾದರೂ ಕೇಳಿದರೋ, ಅದನ್ನೂ ಹೇಳುವುದಿಲ್ಲ."

ಅವನ್ನು ತೆಗೆದರೆ ಸೀರೀಸ್ ನಿಮ್ಮದೇ, ಇಲ್ಲದಿದ್ದರೆ ಇಲ್ಲ ಎಂದು ಉತ್ತರ ಬಂತು.

"ಎರಡು ಸಾಲು ತಾನೇ, ತೆಗ್ದುಬಿಡು," ಊಟಕ್ಕೆ ಕೂತ ಕೇಶವ ಇನ್ನೊಂದು ಚಪಾತಿಗೆ ತಟ್ಟೆ ಚಾಚುತ್ತ ಹೇಳಿದ.

ಮರುದಿನ ಪಾತ್ರೆಯೆಲ್ಲ ಮುಗಿದ ಮೇಲೆ ಅವಳು ಶೆಲ್ಟರಿನೊಳಗೆ ಕೂತು ಬರೆದಳು: "ವಿಶ್ವಜಿತ್ ಓದಲಿ." ಕಳಿಸಿದಳು. ಇನ್ನು ಈ ಕೋಣೆಗೆ ಬರಲು ಅವಳಿಗೆ ನೆಪವಿಲ್ಲ.

ಸರ್‌, ಸರ್‌ ಸದ್ದು ಶುರುವಾಯಿತು. ಮೈಥಿಲಿ ಕೈ ನೋಡಿಕೊಂಡಳು. ಎರಡೂ ಫೋನ್ ಹಿಡಿದಿದ್ದವು, ಅಲುಗುತ್ತಿರಲಿಲ್ಲ. ಸದ್ದು ನೆಲದ ಮಟ್ಟದಿಂದ, ಹಸಿರು ಬಾಣದ ಬಳಿಯಿಂದ ಬರುತ್ತಿತ್ತು.

ಅವಳು ಎದ್ದು ಬಾಗಿಲವರೆಗೆ ಹೋದವಳು ಹಿಂತಿರುಗಿದಳು. ಅಕ್ಕಿ ಚೀಲವನ್ನು ಎಳೆದು ಬದಿಗಿಟ್ಟು, ಒಬ್ಬರು ಕಾಲು ಚಾಚಿ ಮಲಗುವಷ್ಟು ಜಾಗ ಮಾಡಿದಳು.

"ಸಾಕು ಬಿಡಿ, ಮಿಕ್ಕಿದ್ದು ಆಮೇಲೆ ನಾನು ಲಟ್ಟಿಸ್ತೀನಿ," ಎಂದಳು, ಬಾಣದ ಕಡೆ ತಿರುಗಿ. "ಸ್ವಲ್ಪ ಒರಗಿಕೊಳ್ಳಿ."